ಎರಿ, ಮಡ್ಡಿ, ಮಲೆ: ಜಿಂಕೆ ನೋಡಲು ಹೊರಡುವವರಿಗೆ ಮಾರುತಿ ಜಿಮ್ನಿ

ಬೆಳಗಾವಿಯಲ್ಲಿ ಮನೆ ಮಾಡಿಕೊಂಡು, ಬಿಡುವಾದಾಗ ಒಮ್ಮೆ ಖಾನಾಪುರದ ಕಾಡಂಚಿಗೆ, ಇನ್ನೊಮ್ಮೆ ಬೀಳಗಿ–ಮುಧೋಳದ ಕಲ್ಲುನೆಲದ ಬಯಲಾದ ಮಡ್ಡಿಗಳಿಗೆ ಕಡವೆ, ಜಿಂಕೆ, ಚಿಂಕಾರವೆಂಬ ಸಣ್ಣ ಹುಲ್ಲೆಗಳನ್ನು ನೋಡಲು ಹೋಗುವವರಿಗೆ ಮಾರುತಿ ಸುಝುಕಿಯ ಐದು ಬಾಗಿಲಿನ ಜಿಮ್ನಿ ಎಷ್ಟರ ಮಟ್ಟಿಗೆ ಒದಗಿ ಬರುತ್ತದೆ ಎಂಬುದಷ್ಟೇ ಈ ಬರಹದ ವಿಷಯ. ಪೇಟೆಯೊಳಗಿನ ಓಡಾಟ, ಮದುವೆ ಮುಂಜಿಗೆ ಹೋದಾಗಿನ ಠೀವಿ, ಮಾರುವಾಗ ಸಿಗುವ ಬೆಲೆ ಇವುಗಳನ್ನು ಇಲ್ಲಿ ಮುಟ್ಟುವುದಿಲ್ಲ. ನನ್ನಲ್ಲಿರುವುದು ಕೈಯಿಂದ ಗೇರ್ ಬದಲಿಸುವ, ಆಲ್ಫಾ ಎಂಬ ಮೇಲ್ದರ್ಜೆಯ ಮಾದರಿ. ಅದು ಈ ಎರಡೂ ಸೀಮೆಗಳ ಮಳೆಗಾಲವನ್ನೂ ಬೇಸಿಗೆಯನ್ನೂ ಕಂಡಿದೆ.

ಇಂಥ ಗಾಡಿಗಳ ಬಗೆಗಿನ ಹೆಚ್ಚಿನ ಮಾತು ನಮಗೆ ಬೇಟೆಯ ನಾಡುಗಳಿಂದ ಬರುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿರುವ ನನ್ನ ಸೋದರಮಾವನ ಮಗ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಋತುವಿನಲ್ಲಿ ಪರವಾನಗಿ ಪಡೆದು, ಅಲ್ಲಿನ ನಿಯಮದಂತೆ ಸೊಂಟದ ಮೇಲೆ 400 ಚದರ ಅಂಗುಲದಷ್ಟು ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು, ಮ್ಯೂಲ್ ಡೀರ್ ಎಂಬ ದೊಡ್ಡ ಕಿವಿಯ ಜಿಂಕೆಯ ಬೇಟೆಗೆ ಹೋಗುತ್ತಾನೆ. ಅವನಿಗೆ ಗಾಡಿ ಬೇಕಾಗುವುದು ಹಾದಿ ಮುಗಿಯುವಲ್ಲಿಯವರೆಗೆ ತಲುಪಲು ಮತ್ತು ಹೊಡೆದ ಪ್ರಾಣಿಯ ಮಾಂಸವನ್ನು ಮನೆಗೆ ಹೊತ್ತು ತರಲು. ಆದ್ದರಿಂದ ಅವನು ಗಾಡಿಯನ್ನು ತೂಗುವುದು ಹಿಂಬದಿಯ ತೊಟ್ಟಿಯ ಉದ್ದದಿಂದ, ಎಳೆಯುವ ಬಲದಿಂದ, ಹಿಮದಲ್ಲಿ ಕೆಟ್ಟು ನಿಂತರೆ ರಾತ್ರಿ ಕಳೆಯಲು ಇರುವ ಜಾಗದಿಂದ. ನಾನು ಜಿಮ್ನಿಯ ಚಿತ್ರ ಕಳಿಸಿದಾಗ, ಇದರಲ್ಲಿ ಒಂದು ಗಂಡು ಜಿಂಕೆಯನ್ನು ಎಲ್ಲಿ ಇಡುತ್ತೀಯಾ ಎಂದು ಅವನು ಕೇಳಿದ್ದು ಅವನ ಮಟ್ಟಿಗೆ ನ್ಯಾಯವೇ.

ನಮ್ಮ ಲೆಕ್ಕ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ, ಮತ್ತು ಆ ಕಾಯ್ದೆ ಬೇಟೆಗೆ ಕೊಟ್ಟಿರುವ ಅರ್ಥ ಗುಂಡು ಹಾರಿಸುವುದಕ್ಕಷ್ಟೇ ನಿಲ್ಲುವುದಿಲ್ಲ; ಪ್ರಾಣಿಯನ್ನು ಹಿಡಿಯುವುದು, ಉರುಲು ಹಾಕುವುದು, ಆಮಿಷ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳ ಪ್ರಯತ್ನ, ಎಲ್ಲವೂ ಅದರೊಳಗೆ ಬರುತ್ತವೆ. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ 39ನೇ ಕಲಮಿನಂತೆ ಸರ್ಕಾರದ ಸ್ವತ್ತಾಗುತ್ತದೆ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಸಿಗುವ ಗಾಡಿ ಕೊಂಡ ಉತ್ಸಾಹದಲ್ಲಿ ಮಾಳಿಗೆಯ ಮೇಲೆ ಸಾಲು ದೀಪ ಕಟ್ಟಿಸಿ, ರಾತ್ರಿ ಕಾಡಂಚಿನ ರಸ್ತೆಯಲ್ಲಿ ಪ್ರಾಣಿಗಳ ಕಣ್ಣಿಗೆ ಬೆಳಕು ಹಾಯಿಸುತ್ತಾ ಅಲೆಯುವ ತರುಣರು ಈ ಎರಡು ಕಲಮುಗಳನ್ನು ಓದಿಕೊಂಡರೆ ಒಳ್ಳೆಯದು. ದೀಪದ ಪಟ್ಟಿಗೆ ಸುರಿಯುವ ಹಣವನ್ನು ಟೈರಿಗೆ ಹಾಕುವುದು ಜಾಣತನ. ಆ ಮಾತು ಮುಂದೆ ಬರುತ್ತದೆ.

ಈ ಸೀಮೆಗೆ ಬೇಟೆಯ ಇತಿಹಾಸ ಇಲ್ಲವೆಂದಲ್ಲ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ನಾಯಿಗಳು ಬಯಲಿನಲ್ಲಿ ಓಡುವ ಪ್ರಾಣಿಗಳ ಬೆನ್ನು ಹತ್ತಲೆಂದೇ ಆ ಉದ್ದ ಕಾಲು, ಒಳಸೇರಿದ ಹೊಟ್ಟೆ ಪಡೆದವು. ನೆರೆಯ ಕೊಲ್ಹಾಪುರದ ದರಬಾರು ಕೃಷ್ಣಮೃಗಗಳ ಮೇಲೆ ಬಿಡಲು ಪಳಗಿಸಿದ ಚೀತಾಗಳನ್ನೇ ಸಾಕಿತ್ತು. ಆದರೆ ನಾಯಿ, ಕುದುರೆ, ಚೀತಾ ಮೂರೂ ಸೇರಿ ಮಾಡದ ಹಾನಿಯನ್ನು ಎರಡನೇ ಮಹಾಯುದ್ಧದ ನಂತರ ಜೀಪು ಮಾಡಿತು. ಹೊಲ, ಹಳ್ಳ, ಗುಡ್ಡ ನೋಡದೆ ನುಗ್ಗುವ ಗಾಡಿ, ಅದರ ಮೇಲೊಂದು ಸ್ಪಾಟ್‌ಲೈಟ್, ಕೈಯಲ್ಲಿ ಬಂದೂಕು ಇಷ್ಟು ಸಿಕ್ಕಿದ ಮೇಲೆ ದೇಶದ ಬಯಲುಗಳಲ್ಲಿ ಹುಲ್ಲೆಗಳ ಹಿಂಡುಗಳು ಕೆಲವೇ ವರ್ಷಗಳಲ್ಲಿ ಕರಗಿದವು. ಒರಟು ಗಾಡಿಯನ್ನು ವಿಮರ್ಶಿಸುವಾಗ ಅದು ಎಲ್ಲಿಗೆಲ್ಲ ಹೋಗಬಲ್ಲದು ಎಂಬುದರ ಜೊತೆಗೆ ಎಷ್ಟು ಮೆಲ್ಲಗೆ ಹೋಗಬಲ್ಲದು ಎಂದು ನಾನು ಕೇಳುವುದಕ್ಕೆ ಈ ಹಿನ್ನೆಲೆಯೇ ಕಾರಣ.

ಗಾಡಿಯ ವಿವರಕ್ಕೆ ಬರೋಣ. 1985ರಲ್ಲಿ ಬಂದು, ಸೇನೆಯಲ್ಲೂ ಅರಣ್ಯ ಇಲಾಖೆಯಲ್ಲೂ ದಶಕಗಳ ಕಾಲ ದುಡಿದ ಜಿಪ್ಸಿಯ ಜಾಗಕ್ಕೆ ಮಾರುತಿ ಕಂಪನಿ 2023ರ ಜೂನ್‌ನಲ್ಲಿ ಜಿಮ್ನಿಯನ್ನು ತಂದಿತು. ಜಿಪ್ಸಿಯಂತೆಯೇ ಇದಕ್ಕೂ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಲ್ಯಾಡರ್ ಫ್ರೇಮ್ ಚಾಸಿ ಇದೆ, ಹಿಂದೆ ಮುಂದೆ ಎರಡೂ ಕಡೆ ಎಡಬಲದ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚಿನಿಂದ ಜೋಡಿಸುವ ರಿಜಿಡ್ ಆಕ್ಸಲ್ ಇದೆ. ಆದರೆ ಜಿಪ್ಸಿಯಲ್ಲಿ ಬೆನ್ನುಮೂಳೆ ನೋಯಿಸುತ್ತಿದ್ದ ಪಟ್ಟಿ ಸ್ಪ್ರಿಂಗಿನ ಬದಲು ಕಾಯಿಲ್ ಸ್ಪ್ರಿಂಗ್ ಬಂದಿದೆ. 1.5 ಲೀಟರಿನ ಪೆಟ್ರೋಲ್ ಎಂಜಿನ್ ಸುಮಾರು 105 ಪಿಎಸ್ ಶಕ್ತಿ, 134 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಉದ್ದ 3,985 ಮಿ.ಮೀ., ಅಗಲ 1,645 ಮಿ.ಮೀ., ನೆಲದಿಂದ ಗಾಡಿಯ ಅಡಿಭಾಗಕ್ಕಿರುವ ಎತ್ತರ ಅಂದರೆ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ., ತೂಕ ಸುಮಾರು 1,200 ಕೆಜಿ. ಈ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ಇದೇ ಬಗೆಯ ಮಹೀಂದ್ರಾ ಥಾರ್ ಇದಕ್ಕಿಂತ ಕ್ವಿಂಟಾಲುಗಟ್ಟಲೆ ಭಾರ. ಫೋರ್ಸ್ ಗೂರ್ಖಾ ಇನ್ನೂ ಭಾರ. ಆ ಎರಡು ಗಾಡಿಗಳ ಮುಂದೆ ಜಿಮ್ನಿಯ ಎಂಜಿನ್ ಸೊರಗಿದಂತೆ ಕಂಡರೂ, ಅದು ಹೊರಬೇಕಾದ ಮೈಯೂ ಅಷ್ಟೇ ಹಗುರ ಎಂಬುದನ್ನು ಅಂಕಿಪಟ್ಟಿ ನೋಡಿ ತೀರ್ಪು ಕೊಡುವವರು ಮರೆಯುತ್ತಾರೆ.

ಗೇರ್ ಹಿಡಿಯ ಪಕ್ಕದಲ್ಲೇ ಇನ್ನೊಂದು ಗಿಡ್ಡ ಹಿಡಿ ಇದೆ. ಒತ್ತುವ ಗುಂಡಿಯಲ್ಲ, ಕೈಯಿಂದ ಎಳೆದು ಕೂರಿಸಬೇಕಾದ ಹಿಡಿ. ಹಿಂದಿನ ಎರಡು ಚಕ್ರಕ್ಕಷ್ಟೇ ಬಲ ಕೊಡುವ ಸ್ಥಿತಿಯಿಂದ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಹೈಗೆ ಗಾಡಿ ಚಲಿಸುತ್ತಿರುವಾಗಲೇ ಬದಲಿಸಬಹುದು. ಫೋರ್ ಲೋ ಹಾಕಲು ಮಾತ್ರ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಹಿಡಿಯನ್ನು ಕೆಳಗೆ ಒತ್ತಿ ಎಳೆಯಬೇಕು. ಒಳಗೆಲ್ಲೋ ಹಲ್ಲುಗಳು ಕೂಡಿಕೊಂಡ ಪೆಟ್ಟು ಅಂಗೈಗೆ ತಿಳಿಯುತ್ತದೆ. ಆಮೇಲೆ ಪ್ರತಿ ಗೇರೂ ಮೊದಲಿನ ಅರ್ಧದಷ್ಟು ವೇಗದಲ್ಲಿ, ಸುಮಾರು ಎರಡು ಪಟ್ಟು ಬಲದಲ್ಲಿ ಓಡುತ್ತದೆ. ಈ ಎಂಜಿನ್ನಿನ ಪೂರ್ಣ ಟಾರ್ಕ್ ನಿಮಿಷಕ್ಕೆ 4,000 ಸುತ್ತುಗಳಲ್ಲಿ ಸಿಗುವುದರಿಂದ, ನಿಧಾನವಾಗಿ ಏರು ಹತ್ತುವಾಗ ಎರಡು ಚಕ್ರದ ಸ್ಥಿತಿಯಲ್ಲಿ ಕ್ಲಚ್ ಅರ್ಧ ಒತ್ತಿ ಒದ್ದಾಡಬೇಕಾಗುತ್ತದೆ. ಫೋರ್ ಲೋ ಹಾಕಿದ ಮೇಲೆ ಆ ತೊಂದರೆ ಇಲ್ಲ. ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ಕಲ್ಲಿನಿಂದ ಕಲ್ಲಿಗೆ ತೆವಳುತ್ತದೆ. ಒಣ ಡಾಂಬರಿನ ಮೇಲೆ ಮಾತ್ರ ನಾಲ್ಕು ಚಕ್ರದ ಸ್ಥಿತಿ ಹಾಕಬಾರದು, ಏಕೆಂದರೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕಾದಾಗ ಅದನ್ನು ಸರಿದೂಗಿಸುವ ನಡು ಡಿಫರೆನ್ಷಿಯಲ್ ಇದರಲ್ಲಿಲ್ಲ.

ಇದರ ನಿಜವಾದ ಪರೀಕ್ಷೆ ನಡೆಯುವುದು ಎರಿ ಭೂಮಿಯಲ್ಲಿ. ಬೆಳಗಾವಿಯಿಂದ ಗೋಕಾಕ, ಮುಧೋಳ ದಾಟಿ ಬೀಳಗಿಯ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತಾ ಹೋಗಿ, ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಬಯಲಿನಲ್ಲಿ ಕಪ್ಪು ಎರಿಯೂ ಕೆಂಪು ಕಲ್ಲುಮಡ್ಡಿಯೂ ಸರದಿಯಂತೆ ಬರುತ್ತವೆ. ಮುಧೋಳ, ಬೀಳಗಿ ತಾಲ್ಲೂಕುಗಳಲ್ಲೇ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. 2016ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 96 ಚದರ ಕಿ.ಮೀ. ಚಿಂಕಾರ ಕಟ್ಟುನಿಟ್ಟಾಗಿ ಹೇಳಿದರೆ ಜಿಂಕೆಯಲ್ಲ, ಹುಲ್ಲೆ; ಜಿಂಕೆಯ ಕೊಂಬಿನಂತೆ ಅದರ ಕೊಂಬು ಉದುರಿ ಮತ್ತೆ ಮೂಡುವುದಿಲ್ಲ. ಇಪ್ಪತ್ತು ಕೆಜಿಯ ಆಸುಪಾಸಿನ, ಮಡ್ಡಿಯ ಮಣ್ಣಿನದೇ ಬಣ್ಣದ ಈ ಪ್ರಾಣಿ ಮೇವಿನಲ್ಲಿರುವ ತೇವದಿಂದಲೇ ಬಹಳ ಕಾಲ ನೀರಿಲ್ಲದೆ ತಾಳುತ್ತದೆ. ವನ್ಯಜೀವಿಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದ ದಿನ ಊರೂರಿನ ನಡುವಿನ ಸಾರ್ವಜನಿಕ ಹಾದಿಯಲ್ಲಿ ಹೋಗಿ ಹೊಲದಂಚಿನಲ್ಲಿ ಕಾಯುವವರಿಗೂ ಬೆಳಗಿನ ಹೊತ್ತು ದರ್ಶನ ಸಿಗುವುದುಂಟು.

ಎರಿ ಮಣ್ಣು ಒಣಗಿದಾಗ ಬಾಯಿ ಬಿಡುತ್ತದೆ, ನೆನೆದಾಗ ಉಬ್ಬುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೊಲದ ಹಾದಿಯ ಬಿರುಕಿನೊಳಗೆ ಅಂಗೈ ಪೂರ್ತಿ ಇಳಿಯುತ್ತದೆ. ಆದರೂ ಆಗ ನೆಲ ಗಟ್ಟಿ, ಗಾಡಿಗೆ ತೊಂದರೆ ಇಲ್ಲ. ಹಿಂಗಾರಿನ ಮಳೆ ಬಿದ್ದ ದಿನವೇ ಬೇರೆ. ಟ್ರ್ಯಾಕ್ಟರುಗಳು ಓಡಾಡಿ ಬಿದ್ದ ಎರಡು ಆಳ ಜಾಡುಗಳ ನಡುವೆ ಉಬ್ಬು ನೆಲ ಇರುವಂಥ ಒಂದು ಹಾದಿಯಲ್ಲಿ, ಸಣ್ಣ ಮಳೆ ನಿಂತ ಮರುಬೆಳಿಗ್ಗೆ ಜಿಮ್ನಿಯನ್ನು ಫೋರ್ ಲೋದಲ್ಲಿ ಬಿಟ್ಟೆ. ಮೊದಲ ಕೆಲವು ಮಾರು ಚಕ್ರಗಳು ಮಣ್ಣನ್ನು ಕಚ್ಚಿಕೊಂಡು ಸಾಗಿದವು. ಆಮೇಲೆ ಟೈರಿನ ಗೀರುಗಳೆಲ್ಲ ತುಂಬಿ ನುಣ್ಣಗಾದವು. ನಂತರ ಮಣ್ಣು ಟೈರಿನ ಸುತ್ತ ಸುರುಳಿ ಸುತ್ತಿಕೊಂಡು ಮೇಲೇರಿ, ಮಡ್‌ಗಾರ್ಡಿನ ಒಳಗೆ ಹದವಾಗಿ ನಾದಿದ ಹಿಟ್ಟಿನಂತೆ ಗಿಡಿದು ಕುಳಿತಿತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಲು ಜಾಗವಿಲ್ಲದಂತಾದಾಗ ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಚಕ್ರ ಹೊರಳದು. ಇಳಿದು, ಪಕ್ಕದ ಹೊಲದವರು ಕೊಟ್ಟ, ಕಳೆ ತೆಗೆಯುವ ಕುರ್ಚಿಗಿಯಿಂದ ನಾಲ್ಕೂ ಕಡೆ ಕೆತ್ತಿ ಕೆಡವಿದ ಮೇಲೆಯೇ ಗಾಡಿ ಮುಂದೆ ಸಾಗಿದ್ದು. ಅಂದಿನಿಂದ ಒಂದು ಕುರ್ಚಿಗಿ ಗಾಡಿಯ ಖಾಯಂ ಸಾಮಾನಾಗಿದೆ. ಸಲಿಕೆಗಿಂತ ಅದೇ ವಾಸಿ, ಏಕೆಂದರೆ ಸಲಿಕೆಯ ಅಲಗು ಆ ಸಂದಿಯಲ್ಲಿ ತೂರುವುದಿಲ್ಲ.

ಈ ಪರೀಕ್ಷೆಯಲ್ಲಿ ಜಿಮ್ನಿ ಗೆದ್ದಿತೋ ಸೋತಿತೋ ಎಂದರೆ, ನನ್ನ ತೂಕದಲ್ಲಿ ಗೆದ್ದಿತು. ಕೇವಲ 195 ಮಿ.ಮೀ. ಅಗಲದ ಇದರ ಟೈರು, ಮೇಲಿನ ರಾಡಿ ತೆಳುವಾಗಿರುವಲ್ಲಿ ಅದನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ನೋಟಕ್ಕೆ ಚೆಂದವೆಂದು ಅಗಲ ಟೈರು ಹಾಕಿಸಿದ ಗಾಡಿಗಳು ಅದೇ ರಾಡಿಯ ಮೇಲೆ ಅಡ್ಡಡ್ಡ ಜಾರುತ್ತವೆ. ಒಂದು ಚಕ್ರ ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗತೊಡಗಿದರೆ ಅದಕ್ಕೆ ತಾನಾಗಿ ಬ್ರೇಕ್ ಹಾಕಿ, ಬಲವನ್ನು ಎದುರು ಬದಿಯ ಚಕ್ರಕ್ಕೆ ದಾಟಿಸುವ ವ್ಯವಸ್ಥೆ ಇದರಲ್ಲಿದೆ. ಅದು ಕೆಲಸ ಮಾಡಬೇಕಾದರೆ ಚಾಲಕ ಹೆದರಿ ಕಾಲು ತೆಗೆಯದೆ, ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದಿರಬೇಕು. ಗಾಡಿಯಡಿಯಿಂದ ಟರಟರ ಎಂಬ ಸದ್ದು ಬಂದ ಒಂದೆರಡು ಕ್ಷಣದಲ್ಲಿ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಗೂರ್ಖಾದಲ್ಲಿರುವಂತೆ ಮುಂದಿನ ಹಿಂದಿನ ಆಕ್ಸಲ್ಲುಗಳನ್ನು ಯಾಂತ್ರಿಕವಾಗಿ ಬಿಗಿಯುವ ಲಾಕ್ ಇದಕ್ಕಿಲ್ಲ, ಮತ್ತು ಎರಿಯಲ್ಲಿ ಆ ಕೊರತೆ ಒಮ್ಮೊಮ್ಮೆ ಕಾಣುತ್ತದೆ. ಆದರೆ ಹೂತುಹೋದರೂ ಇದನ್ನು ಎತ್ತಲು ನಾಲ್ಕೈದು ಜನರ ಕೈಬಲ, ಇಲ್ಲವೇ ಒಂದು ಸಣ್ಣ ಟ್ರ್ಯಾಕ್ಟರ್ ಸಾಕು. ಎಳೆಯಲು ಹಿಂದೆ ಮುಂದೆ ಕಣ್ಣಿಗೆ ಕಾಣುವಂತೆ ಗಟ್ಟಿ ಕೊಕ್ಕೆಗಳಿವೆ. ಬಂಪರಿನ ಮುಚ್ಚಳ ಬಿಚ್ಚಿ, ತಿರುಪು ಹುಡುಕಿ ಜೋಡಿಸುವ ರಗಳೆ ಇಲ್ಲ. ಮೋಡ ಕವಿದ ಸಂಜೆ ಊರಿನಿಂದ ದೂರ ನಿಂತವನಿಗೆ ಇದು ಸಣ್ಣ ಸಂಗತಿಯಲ್ಲ.

ಟ್ರ್ಯಾಕ್ಟರ್ ಜಾಡಿನ ನಡುವಿನ ಉಬ್ಬಿನ ಬಗ್ಗೆ ಒಂದು ಮಾತು. ರಿಜಿಡ್ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವುದು ಡಿಫರೆನ್ಷಿಯಲ್ಲಿನ ಗುಂಡು ಭಾಗ. ಅದು ಚಕ್ರದ ಜೊತೆಯಲ್ಲೇ ಏಳುತ್ತಾ ಬೀಳುತ್ತಾ ಇರುವುದರಿಂದ, ನಾಲ್ಕು ಜನ ಕುಳಿತು ಸಾಮಾನು ತುಂಬಿದರೂ ನೆಲದಿಂದ ಅದರ ಎತ್ತರ ಕಡಿಮೆಯಾಗುವುದಿಲ್ಲ. ಭಾರ ಹೇರಿದಂತೆ ಹೊಟ್ಟೆ ತಗ್ಗುವ ಪೇಟೆಯ ಎಸ್‌ಯುವಿಗಳು ಕಾಗದದ ಮೇಲೆ ಇಷ್ಟೇ ಕ್ಲಿಯರೆನ್ಸ್ ತೋರಿಸಿದರೂ ಮಡ್ಡಿಯ ಕಲ್ಲಿಗೆ ತಗಲುವುದೂ ಇದು ತಗಲದಿರುವುದೂ ಇದಕ್ಕಾಗಿಯೇ. ಜಾಡು ತೀರಾ ಆಳವಾಗಿದ್ದರೆ ಜಿಮ್ನಿಯ ಗುಂಡೂ ಉಬ್ಬನ್ನು ಕೆರೆಯುತ್ತದೆ. ಅಂಥಲ್ಲಿ ಒಂದು ಬದಿಯ ಚಕ್ರವನ್ನು ಉಬ್ಬಿನ ಮೇಲೆಯೇ ಏರಿಸಿಕೊಂಡು ಸಾಗಬೇಕು. ಗಾಡಿಯ ಅಗಲ ಕಡಿಮೆ ಇರುವುದರಿಂದ ಬದುವಿಗೆ ತಗಲದೆ ಇದು ಸಾಧ್ಯವಾಗುತ್ತದೆ. ಬೆಳೆ ನಿಂತ ಹೊಲದೊಳಗೆ ಇಳಿಸಿ ಸುತ್ತು ಹಾಕುವ ಯೋಚನೆಯನ್ನು ಮಾತ್ರ ಯಾರೂ ಮಾಡಬಾರದು. ಭಾರೀ ಮಳೆಯ ಮರುದಿನ ಎರಿಯ ಹಾದಿಗೆ ಯಾವ ಗಾಡಿಯನ್ನೂ ಇಳಿಸದೆ, ನೆಲ ಆರುವವರೆಗೆ ಎರಡು ದಿನ ತಡೆಯುವುದೇ ವಿವೇಕ; ಫೋರ್ ಲೋ ಹಿಡಿಯ ಮೇಲೆ ಕೈ ಇದ್ದ ಮಾತ್ರಕ್ಕೆ ಮಣ್ಣಿನ ಗುಣ ಬದಲಾಗದು.

ಮಡ್ಡಿಯ ಮೇಲೆ ಗಾಡಿ ನಿಲ್ಲಿಸಿ ಕಾಯುವಾಗ ಅಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹೇಳಿದ ಮಾತು ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ: “ಸಾಹೇಬ್ರ, ಕೆಳಗ ಇಳೀಬ್ಯಾಡ್ರಿ. ಗಾಡಿಗೆ ಅವು ಅಷ್ಟು ಅಂಜಂಗಿಲ್ಲ, ಎರಡು ಕಾಲಿನವರನ್ನ ಕಂಡ್ರ ಅಂಜತಾವ.” ಅದು ಅಕ್ಷರಶಃ ನಿಜ. ನಿಂತ ಗಾಡಿಯೊಳಗೆ ಅಲುಗಾಡದೆ ಕುಳಿತವರನ್ನು ಚಿಂಕಾರವಾಗಲಿ ಜಿಂಕೆಯಾಗಲಿ ಸ್ವಲ್ಪ ಹೊತ್ತಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ. ಅದೇ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರೆ ಮೇಯುತ್ತಿದ್ದ ಹಿಂಡು ತಲೆ ಎತ್ತುತ್ತದೆ. ಹಾಗಾಗಿ ಕಾಯುವ ಗೂಡಾಗಿ ಗಾಡಿ ಎಷ್ಟು ಅನುಕೂಲ ಎಂಬುದು ನಮ್ಮಂಥವರಿಗೆ ದೊಡ್ಡ ಪ್ರಶ್ನೆ. ಈ ವಿಷಯದಲ್ಲಿ ಜಿಮ್ನಿಗೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಕಿಟಕಿಗಳು ನೇರವಾಗಿ, ದೊಡ್ಡದಾಗಿ ಇವೆ. ಗಾಜನ್ನು ಕೆಳಗಿಳಿಸಿ, ಅದರ ಅಂಚಿನ ಮೇಲೆ ಅಕ್ಕಿ ತುಂಬಿದ ಸಣ್ಣ ಚೀಲವಿಟ್ಟು ಕ್ಯಾಮೆರಾದ ಉದ್ದ ಲೆನ್ಸನ್ನು ಅದರ ಮೇಲೆ ಕೂರಿಸಬಹುದು. ಬಾನೆಟ್ಟು ಚೌಕಾಕಾರವಾಗಿ ಕಣ್ಣಿಗೆ ಕಾಣುವುದರಿಂದ ಮುಂದಿನ ಚಕ್ರ ಯಾವ ಕಲ್ಲಿನ ಮೇಲಿದೆ ಎಂಬ ಅಂದಾಜು ತಪ್ಪುವುದಿಲ್ಲ. ಮಾಳಿಗೆಯ ಎರಡೂ ಅಂಚಿನಲ್ಲಿ ಹಳೆಯ ಕಾಲದ ಗಾಡಿಗಳಲ್ಲಿದ್ದಂತೆ ನೀರು ಹರಿದುಹೋಗುವ ಸಣ್ಣ ದೋಣಿ ಇದೆ. ಜಿಟಿಜಿಟಿ ಮಳೆಯಲ್ಲಿ ಕಿಟಕಿ ಇಳಿಸಿದರೂ ಮಾಳಿಗೆಯ ನೀರು ಲೆನ್ಸಿನ ಮೇಲೆ ಸುರಿಯುವುದಿಲ್ಲ. ಹೊಸ ಕಾರುಗಳ ವಿನ್ಯಾಸಕಾರರು ಚೆಂದದ ಹೆಸರಿನಲ್ಲಿ ಕಿತ್ತುಹಾಕಿದ ಈ ಒಂದು ಅನುಕೂಲಕ್ಕಾಗಿ ನಾನು ಜಿಮ್ನಿಯ ಬೇರೆ ಎರಡು ಕೊರತೆಗಳನ್ನು ಮನ್ನಿಸಬಲ್ಲೆ.

ಬೇಸಿಗೆಯಲ್ಲಿ ಹೀಗೆ ಕಾಯುವವರು ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬಾರದು. ದೂರ ಓಡಿ ಬಂದ ಪೆಟ್ರೋಲ್ ಗಾಡಿಯ ಸೈಲೆನ್ಸರ್ ಕೊಳವೆ, ಅದರಲ್ಲೂ ಹೊಗೆ ಶುದ್ಧಮಾಡುವ ಕನ್ವರ್ಟರ್, ಹುಲ್ಲಿಗೆ ಕಿಡಿ ತಾಗಿಸುವಷ್ಟು ಕಾದಿರುತ್ತದೆ. ಮಡ್ಡಿಗೆ ಬೆಂಕಿ ಬಿದ್ದರೆ ಚಿಂಕಾರದ ಮೇವೂ ಕುರಿಯ ಮೇವೂ ಒಟ್ಟಿಗೆ ಹೋಗುತ್ತವೆ. ಬರಿಗಲ್ಲಿನ ಜಾಗ ನೋಡಿ ನಿಲ್ಲಿಸಬೇಕು.

ಖಾನಾಪುರದ ಕಡೆ ನೆಲವೇ ಬೇರೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೋ, ಹೆಮ್ಮಡಗಾ ಮಾರ್ಗವಾಗಿ ಅನಮೋಡದ ಕಡೆಗೋ ಹೊರಟರೆ ಕೆಂಪು ಜಂಬಿಟ್ಟಿಗೆ ಮಣ್ಣು, ದಟ್ಟ ಮರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. 2011ರಲ್ಲಿ ಘೋಷಣೆಯಾದ, 190 ಚದರ ಕಿ.ಮೀ.ಗೂ ತುಸು ಹೆಚ್ಚು ವಿಸ್ತಾರದ ಭೀಮಗಡ ವನ್ಯಜೀವಿಧಾಮ ಇಲ್ಲಿದೆ. ಕಡವೆ, ಚುಕ್ಕೆ ಜಿಂಕೆ, ನಾಯಿಯಂತೆ ಬೊಗಳುವ ಕಾಡುಕುರಿ ಇವೆಲ್ಲ ಈ ಕಾಡಿನಲ್ಲಿವೆ. ಆದರೆ ಬಯಲಿನಲ್ಲಿ ಕಂಡಂತೆ ಇಲ್ಲಿ ಕಾಣಸಿಗುವುದಿಲ್ಲ, ಹೆಚ್ಚಿನ ಸಲ ದನಿ ಮಾತ್ರ ಕೇಳುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ; ಅದನ್ನು ಬಿಟ್ಟು ಒಳಹಾದಿಗೆ ತಿರುಗಬೇಕಾದರೆ, ಛಾಯಾಗ್ರಹಣಕ್ಕಾದರೂ ಸರಿ, ಇಲಾಖೆಯ ಅನುಮತಿ ಪಡೆಯಬೇಕು.

ಇಲ್ಲಿಯ ಕೆಂಪು ಮಣ್ಣು ಎರಿಯಂತೆ ಅಂಟುವುದಿಲ್ಲ, ಜಾರುತ್ತದೆ. ಪಾಚಿಗಟ್ಟಿದ ಜಂಬಿಟ್ಟಿಗೆ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಅಡ್ಡ ತಿರುಗುವ ಭಯ ಇರುತ್ತದೆ. ಫೋರ್ ಲೋದ ಮೊದಲ ಗೇರಿನಲ್ಲಿ, ಇಳಿಜಾರು ನಿಯಂತ್ರಣದ ಗುಂಡಿ ಒತ್ತಿ, ಎರಡೂ ಪೆಡಲುಗಳಿಂದ ಕಾಲು ತೆಗೆದು ಕುಳಿತರೆ ಜಿಮ್ನಿ ತನ್ನಷ್ಟಕ್ಕೆ ಇಳಿಯುತ್ತದೆ. ಮೊದಲ ಬಾರಿ ಹಾಗೆ ಕಾಲು ತೆಗೆಯಲು ಧೈರ್ಯ ಸಾಲದು, ಆಮೇಲೆ ರೂಢಿಯಾಗುತ್ತದೆ. ಹಳ್ಳ ದಾಟುವ ವಿಚಾರದಲ್ಲಿ ನಾನು ಜಿಪುಣ. ಮೊದಲು ಕೋಲು ಹಿಡಿದು ನಡೆದು ನೋಡಿ, ಮೊಣಕಾಲಿನ ಅರ್ಧದವರೆಗೆ ನೀರಿದ್ದು ತಳ ಕಲ್ಲಾಗಿದ್ದರೆ ದಾಟಿಸುತ್ತೇನೆ, ಅದಕ್ಕೆ ಮೀರಿದರೆ ಹಿಂದಿರುಗುತ್ತೇನೆ. ಥಾರ್‌ಗೆ ಅದರ ಕಂಪನಿಯೇ 650 ಮಿ.ಮೀ. ಆಳದವರೆಗೆ ಇಳಿಯಬಹುದೆಂದು ಹೇಳಿದೆ. ಮಳೆಗಾಲದಲ್ಲಿ ಹಳ್ಳದಾಚೆಯ ಊರುಗಳಿಗೆ ಕೆಲಸದ ಮೇಲೆ ಹೋಗಲೇಬೇಕಾದವರು ಅದನ್ನೇ ನೋಡುವುದು ಒಳಿತು. ಕೆಸರು ಮೆತ್ತಿದ ಹೆಡ್‌ಲೈಟನ್ನು ಒಳಗಿನಿಂದಲೇ ನೀರು ಚಿಮ್ಮಿಸಿ ತೊಳೆಯುವ ಸೌಲಭ್ಯ ಆಲ್ಫಾದಲ್ಲಿದೆ. ಕೊಳ್ಳುವಾಗ ಅದನ್ನು ಶೋಕಿ ಅಂದುಕೊಂಡಿದ್ದವನಿಗೆ ಚೋರ್ಲಾ ಘಾಟಿಯ ಮಂಜು ಮತ್ತು ಲಾರಿಗಳು ಎರಚುವ ರಾಡಿ ಅದರ ಬೆಲೆ ತಿಳಿಸಿದವು.

ಹೆದ್ದಾರಿಯಲ್ಲಿ ಗಾಡಿ ಸಾಧಾರಣ. ಗಂಟೆಗೆ 80 ಕಿ.ಮೀ.ವರೆಗೆ ನೆಮ್ಮದಿ, ಅದಕ್ಕೆ ಮೇಲೆ ಎಂಜಿನ್ನಿನ ಗದ್ದಲ, ಗಾಳಿಯ ಗದ್ದಲ ಎರಡೂ ಸೇರುತ್ತವೆ. ಸ್ಟೇರಿಂಗ್ ನಡುವಿನಲ್ಲಿ ತುಸು ಸಡಿಲ; ಕಲ್ಲುಹಾದಿಯ ಪೆಟ್ಟು ಕೈಗೆ ಬಾರದಿರಲೆಂದು ಲಾರಿಗಳಲ್ಲಿರುವಂಥ ಹಳೆಯ ಬಗೆಯ ಸ್ಟೇರಿಂಗ್ ಪೆಟ್ಟಿಗೆ ಹಾಕಿರುವುದರ ಫಲ ಇದು. ಅಡ್ಡಗಾಳಿ ಬೀಸಿದರೆ ಮೈ ಒಲೆಯುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳದ ಆಸುಪಾಸು ಕತ್ತಲಾದ ಮೇಲೆ ಹೋಗುವವರು, ಹಿಂದೆ ದೀಪವೇ ಇಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳನ್ನು ನೆನಪಿನಲ್ಲಿಟ್ಟುಕೊಂಡು ವೇಗ ಇಳಿಸಲೇಬೇಕು, ಹಾಗಾಗಿ ಈ ಗಾಡಿಯ ನಿಧಾನ ನನಗೆ ಕೊರತೆಯಾಗಿ ಕಂಡಿಲ್ಲ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 16.94 ಕಿ.ಮೀ.; ಫೋರ್ ಲೋದಲ್ಲಿ ತೆವಳುವ ದಿನಗಳಲ್ಲಿ ಆ ಲೆಕ್ಕ ಹಿಡಿಯಬಾರದು. ಟ್ಯಾಂಕಿನಲ್ಲಿ ಹಿಡಿಯುವುದು 40 ಲೀಟರ್ ಮಾತ್ರ. ಬೀಳಗಿಯ ಕಡೆ ಹೊರಟರೆ ಮುಧೋಳದಲ್ಲೇ ತುಂಬಿಸಿಕೊಳ್ಳುವುದು ವಾಸಿ.

ಕೊರತೆಗಳಲ್ಲಿ ಮೊದಲನೆಯದು ಜಾಗ. ನಾಲ್ಕೇ ಆಸನ; ಹಿಂದಿನ ಆಸನ ಮಡಚದೆ ನೆಟ್ಟಗಿಟ್ಟಾಗ ಡಿಕ್ಕಿಯಲ್ಲಿ ಉಳಿಯುವುದು 208 ಲೀಟರ್. ಎರಡು ಕ್ಯಾಮೆರಾ ಚೀಲ, ಟ್ರೈಪಾಡು, ನೀರಿನ ಕ್ಯಾನು, ಹಗ್ಗ, ಹವಾ ತುಂಬುವ ಪಂಪು, ಕುರ್ಚಿಗಿ, ರೊಟ್ಟಿಗಂಟು ಇಟ್ಟರೆ ಮುಗಿಯಿತು. ಮೂವರಿಗಿಂತ ಹೆಚ್ಚು ಜನ ಸಾಮಾನು ಸಮೇತ ಹೋಗುವವರಿಗೆ ಇದು ಸಾಲದು. ಡಿಕ್ಕಿಯ ಬಾಗಿಲು ಸ್ಟೆಪ್ನಿಯನ್ನು ಹೊತ್ತು ಪಕ್ಕಕ್ಕೆ ತೆರೆಯುವುದರಿಂದ ಇಕ್ಕಟ್ಟಿನ ಹಾದಿಯಲ್ಲಿ, ಹಿಂದೆ ಬೇಲಿಯೋ ಬದುವೋ ಇದ್ದಾಗ ಪೂರ್ತಿ ತೆರೆಯಲಾಗುವುದಿಲ್ಲ. ಡೀಸೆಲ್ ಎಂಜಿನ್ನೇ ಇಲ್ಲದಿರುವುದು ಎರಡನೆಯ ಕೊರತೆ. ಕೆಳ ಸುತ್ತಿನಲ್ಲೇ ಎಳೆಯುವ ಡೀಸೆಲ್ಲಿಗೆ ಒಗ್ಗಿದ ಕೈಗಳಿಗೆ ಈ ಎಂಜಿನ್ ಮೊದಮೊದಲು ಬಡವೆನಿಸುತ್ತದೆ.

ಬೊಲೆರೋ ಬಿಟ್ಟು ಇದೇಕೆ ಎಂದು ಊರಕಡೆ ಎಲ್ಲರೂ ಕೇಳುತ್ತಾರೆ. ಏಳು ಜನರನ್ನು ಹೊತ್ತು, ಯಾವ ಊರಿನ ಗ್ಯಾರೇಜಿನಲ್ಲೂ ರಿಪೇರಿಯಾಗುವ ಬೊಲೆರೋ ಉತ್ತರ ಕರ್ನಾಟಕದಲ್ಲಿ ನೆಲೆ ಕಂಡದ್ದು ಸುಮ್ಮನೆ ಅಲ್ಲ. ಆದರೆ ಶೋರೂಮಿನಲ್ಲಿ ಇಂದು ಸಿಗುವ ಬೊಲೆರೋಗೆ ಹಿಂದಿನ ಚಕ್ರಕ್ಕಷ್ಟೇ ಬಲ. ಒಣ ಹಾದಿಗೆ ಅದು ಸಾಕಾದರೂ, ನೆನೆದ ಎರಿಯಲ್ಲಿ ಹಿಂದಿನ ಎರಡು ಚಕ್ರ ಒಮ್ಮೆ ತಮಗೆ ತಾವೇ ಗುಂಡಿ ತೋಡಿಕೊಂಡವೆಂದರೆ ಮುಂದಿನವು ಸಹಾಯಕ್ಕೆ ಬರುವುದಿಲ್ಲ.

ನಿರ್ವಹಣೆಯ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಎರಿಯಲ್ಲಿ ಓಡಿದ ಗಾಡಿಯನ್ನು ಮೇಲಿನಿಂದ ತೊಳೆದು ಮೇಣ ಹಚ್ಚಿದರೆ ಸಾಲದು. ಪೇಟೆಯ ಒಂದು ಸರ್ವಿಸ್ ಕೇಂದ್ರದವರು ಹಾಗೆಯೇ ಹೊಳೆಯುವಂತೆ ಮಾಡಿ ಕೊಟ್ಟ ಗಾಡಿ ಹೆದ್ದಾರಿಯಲ್ಲಿ ಗಡಗಡ ನಡುಗಿತು. ಚಕ್ರದ ರಿಮ್ಮಿನ ಒಳಮೈಗೆ ಒಣಗಿ ಕಲ್ಲಾಗಿದ್ದ ಮಣ್ಣಿನ ಹೆಂಟೆಗಳನ್ನು ಯಾರೂ ನೋಡಿರಲಿಲ್ಲ. ಅದನ್ನು ತೆಗೆಯದೆಯೇ ಚಕ್ರ ಸಮತೋಲನ ಮಾಡಿದ್ದಕ್ಕೆ ಹಣವನ್ನೂ ಹಾಕಿದ್ದರು. ಗಾಡಿಯನ್ನು ಎತ್ತಿಸಿ, ರಿಮ್ಮಿನ ಒಳಭಾಗ, ಬ್ರೇಕ್ ಡ್ರಮ್ಮಿನ ಹಿಂಬದಿ, ಚಾಸಿಯ ಸಂದಿಗಳನ್ನು ನೀರಿನ ಒತ್ತಡದಿಂದ ತೊಳೆಸುವಾಗ ಮಾಲೀಕರು ಎದುರು ನಿಂತಿರುವುದು ಕ್ಷೇಮ.

ಕೊನೆಗೆ ಟೈರು. ಕಂಪನಿ ಕೊಡುವ ಟೈರುಗಳು ಹೆದ್ದಾರಿಗೆ ಹೊಂದುವಂಥವು. ಅವುಗಳ ಗೀರುಗಳು ಕಿರಿದು, ಮಣ್ಣು ಒಮ್ಮೆ ತುಂಬಿದರೆ ತಾನಾಗಿ ಉದುರುವುದಿಲ್ಲ. 195/80 ಆರ್ 15 ಅಳತೆಯನ್ನು ಉಳಿಸಿಕೊಂಡೇ, ಗೀರು ಅಗಲವಿರುವ ಆಲ್ ಟೆರೇನ್ ಟೈರುಗಳಿಗೆ ಬದಲಿಸಿದರೆ ಈ ಗಾಡಿಯ ಗುಣ ಬಹಳ ಸುಧಾರಿಸುತ್ತದೆ. ಇನ್ನೂ ದೊಡ್ಡ ಅಳತೆಯ ಟೈರು ಹಾಕಿಸಿ ಎತ್ತರ ಏರಿಸುವ ಆಸೆಗೆ ಬೀಳಬಾರದು, ಏಕೆಂದರೆ ಚಕ್ರ ದೊಡ್ಡದಾದಷ್ಟೂ ಈ ಎಂಜಿನ್ನಿನ ಇದ್ದ ಬಲವೂ ಸೊರಗುತ್ತದೆ, ಮಡ್‌ಗಾರ್ಡಿನೊಳಗೆ ಮಣ್ಣು ಹಿಡಿಯಲು ಇರುವ ಸಂದಿಯೂ ಕಡಿಮೆಯಾಗುತ್ತದೆ. ಬಿಡುಗಡೆಯಾದಾಗ 12.74 ಲಕ್ಷ ರೂಪಾಯಿಯಿಂದ ಶುರುವಾಗಿದ್ದ ಎಕ್ಸ್ ಶೋರೂಂ ಬೆಲೆ ನಾಲ್ಕು ಜನರ ಗಾಡಿಗೆ ಹೆಚ್ಚೆಂದು ನನಗೆ ಈಗಲೂ ಅನ್ನಿಸುತ್ತದೆ. ಚೌಕಾಶಿ ಮಾಡುವ ಅವಕಾಶವಿದ್ದರೆ ಬಿಡಿಭಾಗಗಳ ಅಲಂಕಾರ ಬೇಡವೆಂದು ಹೇಳಿ, ಆ ಹಣದಲ್ಲಿ ಐದೂ ಟೈರುಗಳನ್ನು, ಅಂದರೆ ಸ್ಟೆಪ್ನಿಯನ್ನೂ ಸೇರಿಸಿ, ಶೋರೂಮಿನಲ್ಲೇ ಬದಲಿಸಿ ಕೊಡಲು ಕೇಳಿ.